ಬೆಳುದಿಂಗಳ ಬರಹಗಾರ

ಇಟಲಿ ದೇಶದ ದಕ್ಷಿಣ ಭಾಗದಲ್ಲಿ, ನೇಪಲ್ಸ್ ಕೊಲ್ಲಿಯ ತೀರದಲ್ಲಿ, ವೆಸೂವಿಯಸ್ ಎಂಬ ಜ್ವಾಲಾಮುಖಿ ಪರ್ವತವಿದೆ. ಅದರ ಶಿಖರದಿಂದ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿ, ಇಂದಿಗೆ ಎರಡು ಸಾವಿರ ವರ್ಷಗಳ ಹಿಂದೆ, ಪಾಂಪೇಯಿ ಎಂಬ ಪಟ್ಟಣವು ಸುಖಸಮೃದ್ಧಿಗಳಿಂದ ಬಾಳುತ್ತಿತ್ತು. ಸುತ್ತಲೂ ದ್ರಾಕ್ಷಿಯ ತೋಟಗಳು. ಊರೊಳಗೆ ಕಲ್ಲು ಹಾಸಿದ ಬೀದಿಗಳು. ಬೀದಿಯ ಎರಡು ಪಕ್ಕಗಳಲ್ಲಿಯೂ ಅಂಗಡಿ, ಮನೆ, ದೇಗುಲ, ಸ್ನಾನಗೃಹಗಳು. ಪರ್ವತದ ಒಡಲಲ್ಲಿ ಬೆಂಕಿಯಿದೆ ಎಂಬುದನ್ನು ಆ ಊರಿನ ಜನ ಮರೆತೇಬಿಟ್ಟಿದ್ದರು.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಒಮ್ಮೆಲೆ ಬಾಯ್ದೆರೆಯಿತು. ಹಗಲು ಕತ್ತಲೆಯಾಯಿತು. ಹಗುರವಾದ ಕಲ್ಲುಗಳೂ ಬೂದಿಯೂ ಮಳೆಯಂತೆ ಸುರಿದವು; ಸುಡುವ ಅನಿಲವೂ ಬೂದಿಯೂ ಕೂಡಿದ ಬಿರುಗಾಳಿ ಊರಿನ ಮೇಲೆ ಹರಿಯಿತು. ಎರಡು ದಿನಗಳೊಳಗೆ ಪಾಂಪೇಯಿ ನೆಲದೊಳಗೆ ಹುದುಗಿಹೋಯಿತು. ಕಾಲಕ್ರಮದಲ್ಲಿ ಅದರ ಮೇಲೆ ಹುಲ್ಲು ಬೆಳೆಯಿತು, ಬೆಳೆ ಬೆಳೆಯಿತು. ಕೆಳಗೊಂದು ಪಟ್ಟಣ ಮಲಗಿದೆಯೆಂಬುದೇ ಜನರ ನೆನಪಿನಿಂದ ಅಳಿಸಿಹೋಯಿತು.

1748ರಲ್ಲಿ ಅಲ್ಲಿ ಅಗೆತದ ಕೆಲಸ ಆರಂಭವಾಯಿತು. ಅಗೆದಂತೆಲ್ಲ ಬೂದಿಯ ಅಡಿಯಿಂದ ಬೀದಿಗಳೂ ಮನೆಗಳೂ ಒಂದೊಂದಾಗಿ ಮೇಲೆದ್ದು ಬಂದವು. ಒಲೆಯೊಳಗೆ ಇಟ್ಟ ರೊಟ್ಟಿ ಇದ್ದಲಾಗಿ ಹಾಗೆಯೇ ಉಳಿದಿತ್ತು. ಅಂಗಡಿಯ ಕಟ್ಟೆಯಲ್ಲಿ ಹೂತಿಟ್ಟ ಗುಡಾಣಗಳು ಇದ್ದಲ್ಲಿಯೇ ಇದ್ದವು. ರಾಜಾಧಿರಾಜರ ಚರಿತ್ರೆಯನ್ನು ಹೇಳುವ ಗ್ರಂಥಗಳು ಅನೇಕವಿವೆ; ಆದರೆ ಸಾಮಾನ್ಯ ಜನರು ಹೇಗೆ ಉಂಡರು, ಹೇಗೆ ಮಲಗಿದರು, ಏನನ್ನು ಕೊಂಡರು, ಏನನ್ನು ಮಾರಿದರು ಎಂಬುದನ್ನು ಪಾಂಪೇಯಿಯಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಸ್ಥಳಗಳು ವಿರಳ.

ಅಗೆದವರಿಗೆ ಇನ್ನೊಂದು ಆಶ್ಚರ್ಯವೂ ಕಾದಿತ್ತು. ಆ ಊರಿನ ಗೋಡೆಗಳು ಮಾತನಾಡುತ್ತಿದ್ದವು! ಬೀದಿಗೆ ಮುಖಮಾಡಿದ ಗೋಡೆಗಳ ಮೇಲೆ, ಬಿಳಿಯ ಸುಣ್ಣದ ಹಿನ್ನೆಲೆಯಲ್ಲಿ, ಕೆಂಪು ಇಲ್ಲವೆ ಕಪ್ಪು ಬಣ್ಣದಿಂದ ಬರೆದ ದೊಡ್ಡ ದೊಡ್ಡ ಅಕ್ಷರಗಳು ಕಾಣಿಸಿಕೊಂಡವು. ಅವುಗಳಲ್ಲಿ ಬಹಳಷ್ಟು ಚುನಾವಣೆಯ ಪ್ರಕಟಣೆಗಳು. ಪಾಂಪೇಯಿಯ ನಾಗರಿಕರು ಪ್ರತಿವರ್ಷವೂ ತಮ್ಮ ಊರಿನ ಆಡಳಿತವನ್ನು ನೋಡಿಕೊಳ್ಳಲು ಅಧಿಕಾರಿಗಳನ್ನು ಆರಿಸುತ್ತಿದ್ದರು. ನ್ಯಾಯವಿಚಾರಣೆ ಮಾಡುವ ಹಿರಿಯ ಅಧಿಕಾರಿಗಳು ಇಬ್ಬರು. ಬೀದಿ, ಸಂತೆ, ಕಟ್ಟಡಗಳ ಮೇಲ್ವಿಚಾರಣೆ ನಡೆಸುವ ಕಿರಿಯರು ಇಬ್ಬರು. ಇಂಥವನು ಯೋಗ್ಯನು, ಇವನನ್ನು ಆರಿಸಿರಿ ಎಂದು ಕೋರುವ ಇಂಥ ಬರಹಗಳು ಎರಡು ಸಾವಿರದ ಐನೂರಕ್ಕೂ ಹೆಚ್ಚು ದೊರೆತಿವೆ.

ಆ ಕೋರಿಕೆಗಳನ್ನು ಓದುತ್ತ ಹೋದರೆ ಇಡೀ ಊರೇ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ಒಂದು ಕಡೆ ರೊಟ್ಟಿ ಸುಡುವವರು ತಮ್ಮ ಅಭ್ಯರ್ಥಿಯನ್ನು ಹೆಸರಿಸಿದರೆ, ಇನ್ನೊಂದು ಕಡೆ ಹಣ್ಣು ಮಾರುವವರು, ಮತ್ತೊಂದು ಕಡೆ ಅಕ್ಕಸಾಲಿಗರು, ಹೇಸರಗತ್ತೆ ಹೊಡೆಯುವವರು. ಹೆಂಗಸರಿಗೆ ಮತದ ಹಕ್ಕು ಇರಲಿಲ್ಲ. ಆದರೂ ತಮಗೆ ಬೇಕಾದವರ ಪರವಾಗಿ ಹೆಂಗಸರು ಬರೆಯಿಸಿದ ಪ್ರಕಟಣೆಗಳು ಇವೆ. ಹಾಸ್ಯಕ್ಕೂ ಕೊರತೆಯಿಲ್ಲ. ವಾಟಿಯಾ ಎಂಬ ಅಭ್ಯರ್ಥಿಯನ್ನು ಊರಿನ ಚಿಲ್ಲರೆ ಕಳ್ಳರೆಲ್ಲರೂ, ನಿದ್ದೆಗಾರರೆಲ್ಲರೂ, ತಡರಾತ್ರಿಯ ಕುಡುಕರೆಲ್ಲರೂ ಬೆಂಬಲಿಸುತ್ತಾರೆಂದು ಯಾರೋ ಬರೆಯಿಸಿದ್ದರು. ಎದುರಾಳಿಯನ್ನು ನಗೆಪಾಟಲು ಮಾಡುವ ವಿದ್ಯೆ ಎಷ್ಟು ಪುರಾತನವಾದುದೆಂಬುದಕ್ಕೆ ಇದೊಂದು ಸಾಕ್ಷಿ.

ಇಷ್ಟೆಲ್ಲ ಬರಹಗಳನ್ನು ಬರೆದವರು ಯಾರು? ಅಭ್ಯರ್ಥಿಗಳಂತೂ ಅಲ್ಲ, ರೊಟ್ಟಿ ಸುಡುವವರೂ ಅಲ್ಲ. ಅಕ್ಷರಗಳನ್ನು ನೋಡಿದರೆ ಸಾಕು, ಅವು ಪಳಗಿದ ಕೈಯ ಕೆಲಸವೆಂಬುದು ತಿಳಿಯುತ್ತದೆ. ಅಭ್ಯರ್ಥಿಯ ಹೆಸರು ದೂರಕ್ಕೂ ಕಾಣುವಂತೆ ದೊಡ್ಡದಾಗಿದೆ. ಪದವಿಯೂ ಕೋರಿಕೆಯೂ ಅದರ ಕೆಳಗೆ ಚಿಕ್ಕದಾಗಿವೆ. ಇರುವ ಜಾಗದಲ್ಲಿ ಹೆಚ್ಚು ಅಕ್ಷರಗಳು ಹಿಡಿಯಬೇಕೆಂದು ಅವುಗಳನ್ನು ನೀಳವಾಗಿಯೂ ಒತ್ತಾಗಿಯೂ ಬರೆಯಲಾಗಿದೆ. ಎಲ್ಲರಿಗೂ ತಿಳಿದ ಮಾತುಗಳನ್ನು ಒಂದೊಂದೇ ಅಕ್ಷರಕ್ಕೆ ಇಳಿಸಲಾಗಿದೆ. ಕುಂಚವನ್ನು ತಿರುಗಿಸಿದಂತೆ ಗೆರೆ ಒಂದೆಡೆ ದಪ್ಪವಾಗಿಯೂ ಒಂದೆಡೆ ಸಣ್ಣವಾಗಿಯೂ ಮೂಡಿದೆ. ಗೋಡೆ ಬರೆಯುವುದನ್ನೇ ಕಸುಬಾಗಿ ಉಳ್ಳ ಕುಶಲಕರ್ಮಿಗಳು ಆ ಊರಿನಲ್ಲಿದ್ದರು.

ಆ ಕೆಲಸ ಒಬ್ಬನಿಂದ ಆಗುವಂಥದಲ್ಲ. ಮೊದಲು ಹಳೆಯ ಬರಹದ ಮೇಲೆ ಸುಣ್ಣ ಬಳಿಯಬೇಕು, ಅದಕ್ಕೆಂದು ಒಬ್ಬನಿರುತ್ತಿದ್ದನು. ಎತ್ತರದಲ್ಲಿ ಬರೆಯಬೇಕಾದರೆ ಏಣಿ ಬೇಕು. ರಾತ್ರಿಯಲ್ಲಿ ಬರೆಯಬೇಕಾದರೆ ಲಾಂದ್ರ ಹಿಡಿಯುವವನು ಬೇಕು. ಪಾಂಪೇಯಿಯ ಹಿರಿಯ ಬೀದಿಯೊಂದರ ಗೋಡೆಯ ಮೇಲೆ, ಲಾಂದ್ರದವನೇ, ಏಣಿಯನ್ನು ಹಿಡಿದುಕೋ ಎಂಬ ಅರ್ಥದ ಬರಹವಿದೆ. ಏಣಿಯ ಮೇಲೆ ನಿಂತು ಬರೆಯುತ್ತಿದ್ದವನೊಬ್ಬನು ಕೆಳಗಿನವನನ್ನು ಕೂಗಿ ಎಚ್ಚರಿಸಿದ ಮಾತನ್ನೇ ತಮಾಷೆಗಾಗಿ ಗೋಡೆಯ ಮೇಲೆ ಇಳಿಸಿರಬೇಕು. ಹಗಲು ಜನಸಂದಣಿಯ ಬೀದಿ, ರಾತ್ರಿಯಾದರೆ ನಿರ್ಜನ. ಅಲುಗದ ಏಣಿ, ಅಡ್ಡಬಾರದ ಜನ: ಬರೆಯುವವನಿಗೆ ಇವೆರಡೂ ಮುಖ್ಯ.

ಈ ಬರಹಗಾರರಲ್ಲಿ ಕೆಲವರು ತಮ್ಮ ಕೆಲಸದ ಕೊನೆಯಲ್ಲಿ ಚಿಕ್ಕದಾಗಿ ತಮ್ಮ ಹೆಸರನ್ನು ಬರೆದುಕೊಂಡಿದ್ದಾರೆ. ಅಂಥವರಲ್ಲಿ ಪ್ರಸಿದ್ಧನಾದವನು ಎಮಿಲಿಯಸ್ ಕೆಲೆರ್. ಕೆಲೆರ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ವೇಗಶಾಲಿ ಎಂದರ್ಥ. ಅವನ ಚರಿತ್ರೆಯನ್ನು ಯಾವ ಇತಿಹಾಸಕಾರನೂ ಬರೆಯಲಿಲ್ಲ. ಅವನ ವಿಗ್ರಹವನ್ನು ಯಾವ ಶಿಲ್ಪಿಯೂ ಕಡೆಯಲಿಲ್ಲ. ಅವನ ವಿಷಯವಾಗಿ ಲೋಕಕ್ಕೆ ತಿಳಿದಿರುವುದೆಲ್ಲವೂ ಗೋಡೆಗಳಿಂದ ತಿಳಿದುದು.

ಅವನ ಒಂದು ಬರಹವು ಮಲ್ಲಯುದ್ಧಕ್ಕಿಂತ ಘೋರವಾದ ಖಡ್ಗಯುದ್ಧದ ಪ್ರದರ್ಶನವನ್ನು ಸಾರುವ ಪ್ರಕಟಣೆ. ಲುಕ್ರೀಷಿಯಸ್ ಸಾಟ್ರಿಯಸ್ ವಾಲೆನ್ಸ್ ಎಂಬ ಶ್ರೀಮಂತನು ಇಪ್ಪತ್ತು ಜೋಡಿ ಖಡ್ಗಮಲ್ಲರನ್ನೂ ಅವನ ಮಗನು ಹತ್ತು ಜೋಡಿ ಖಡ್ಗಮಲ್ಲರನ್ನೂ ಕಣಕ್ಕಿಳಿಸುವರು. ಏಪ್ರಿಲ್ 8ರಿಂದ 12ರವರೆಗೆ ಐದು ದಿನ ಪಾಂಪೇಯಿಯಲ್ಲಿ ಹೋರಾಟ ನಡೆಯುವುದು. ಬೇಟೆಯ ಪ್ರದರ್ಶನವೂ ಇರುವುದು. ಪ್ರೇಕ್ಷಕರಿಗೆ ಬಿಸಿಲು ತಾಗದಂತೆ ಮೇಲ್ಗಟ್ಟನ್ನು ಎಳೆಯಲಾಗುವುದು. ಇಷ್ಟು ವಿಷಯ ಶ್ರೀಮಂತನದು. ಅದರ ಜತೆಯಲ್ಲಿ ಬರಹಗಾರನ ಸ್ವಂತ ಮಾತೊಂದಿದೆ: ಎಮಿಲಿಯಸ್ ಕೆಲೆರ್ ಇದನ್ನು ಬೆಳುದಿಂಗಳಲ್ಲಿ ಒಬ್ಬನೇ ಬರೆದನು.

ಒಬ್ಬನೇ! ಸುಣ್ಣದವನಿಲ್ಲ, ಲಾಂದ್ರದವನಿಲ್ಲ, ಏಣಿ ಹಿಡಿಯುವವನಿಲ್ಲ. ಊರೆಲ್ಲ ಮಲಗಿದ ಮೇಲೆ ಕೆಲೆರ್ ಬಣ್ಣದ ಕುಡಿಕೆಯನ್ನೂ ಕುಂಚವನ್ನೂ ಹಿಡಿದು ಹೊರಟನು. ಚಂದ್ರನ ಬೆಳಕಿನಲ್ಲಿ ಬೆಳ್ಳಗಿದ್ದ ಗೋಡೆಯ ಮುಂದೆ ನಿಂತು, ಒಂದೊಂದು ಅಕ್ಷರವನ್ನೂ ಅಳೆದು ಬರೆದನು. ಆ ರಾತ್ರಿ ಅವನು ಒಂಟಿಯಾಗಿದ್ದುದೇಕೆ? ಜೊತೆಗಾರರು ಬರಲಿಲ್ಲವೋ, ಅವರು ಬೇಡವೆಂದು ಅವನೇ ನಿಶ್ಚಯಿಸಿದನೋ, ಗೋಡೆ ಅದನ್ನು ಹೇಳುವುದಿಲ್ಲ. ಆದರೆ ಮಾಡಿದ ಕೆಲಸದ ಬಗ್ಗೆ ಅವನಿಗೆ ಹೆಮ್ಮೆಯಿತ್ತೆಂಬುದು ಮಾತ್ರ ನಿಸ್ಸಂದೇಹ. ಹೆಮ್ಮೆಯಿಲ್ಲದವನು ಹೀಗೆ ಬರೆದುಕೊಳ್ಳಲಾರನು.

ಆ ಬರಹದ ಕಾಲವನ್ನು ವಿದ್ವಾಂಸರು ಕಂಡುಕೊಂಡ ಬಗೆಯೂ ತಿಳಿಯತಕ್ಕದ್ದು. ಪ್ರಕಟಣೆಯಲ್ಲಿ ವಾಲೆನ್ಸನನ್ನು ಚಕ್ರವರ್ತಿಯ ಮಗನಾದ ನೀರೋವಿನ ಪೂಜಾರಿಯೆಂದು ಕರೆಯಲಾಗಿದೆ. ಕ್ಲಾಡಿಯಸ್ ಚಕ್ರವರ್ತಿಯು ನೀರೋವನ್ನು ದತ್ತು ತೆಗೆದುಕೊಂಡದ್ದು ಕ್ರಿ.ಶ. 50ರಲ್ಲಿ, ನೀರೋ ತಾನೇ ಚಕ್ರವರ್ತಿಯಾದದ್ದು ಕ್ರಿ.ಶ. 54ರಲ್ಲಿ. ಆದುದರಿಂದ ಕೆಲೆರ್ ಈ ಗೋಡೆಯನ್ನು ಬರೆದದ್ದು ಆ ಎರಡು ವರ್ಷಗಳ ನಡುವೆ. ವೆಸೂವಿಯಸ್ ಸಿಡಿಯುವ ವೇಳೆಗೆ ಆ ಬರಹಕ್ಕೆ ಕಾಲು ಶತಮಾನ ತುಂಬಿತ್ತು. ಐದು ದಿನದ ಆಟಕ್ಕಾಗಿ ಬರೆದ ಅಕ್ಷರಗಳು ಇಪ್ಪತ್ತೈದು ವರ್ಷ ಗೋಡೆಯ ಮೇಲೆಯೂ, ಹದಿನೆಂಟು ನೂರು ವರ್ಷ ಬೂದಿಯ ಕೆಳಗೂ ಬಾಳಿದವು.

ಕೆಲೆರ್‌ನ ಇನ್ನೊಂದು ಬರಹವು ಚುನಾವಣೆಗೆ ಸಂಬಂಧಿಸಿದುದು. ಸ್ಟಾಟಿಯಸ್ ರೆಸೆಪ್ಟಸ್ ಎಂಬವನು ಯೋಗ್ಯನಾದುದರಿಂದ ಅವನನ್ನು ಹಿರಿಯ ಅಧಿಕಾರಿಯನ್ನಾಗಿ ಆರಿಸಬೇಕೆಂದು ನೆರೆಹೊರೆಯವರು ಕೋರುತ್ತಾರೆ. ಅದರ ಕೊನೆಯಲ್ಲಿ ಕೆಲೆರ್ ತನ್ನ ಹೆಸರನ್ನು ಬರೆದು, ತಾನೂ ನೆರೆಯವನೇ ಎಂದು ಸೇರಿಸಿದ್ದಾನೆ. ಕೂಲಿಗೆ ಬರೆಯುವ ಕೈಯಾಗಿ ಮಾತ್ರವಲ್ಲದೆ, ಆ ಕೇರಿಯ ಒಬ್ಬನಾಗಿಯೂ ಅವನು ಅಲ್ಲಿ ನಿಂತಿದ್ದಾನೆ. ಅಷ್ಟಕ್ಕೇ ಬಿಡದೆ, ಹೊಟ್ಟೆಕಿಚ್ಚಿನಿಂದ ಇದನ್ನು ಅಳಿಸುವವನು ರೋಗಪೀಡಿತನಾಗಲಿ ಎಂದು ಶಪಿಸಿಯೂ ಇದ್ದಾನೆ! ಕನ್ನಡ ನಾಡಿನ ಶಿಲಾಶಾಸನಗಳನ್ನು ಬಲ್ಲವರಿಗೆ ಈ ಮಾತು ಹೊಸದೆನಿಸದು. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲೆಂದು ನಮ್ಮ ಶಾಸನಗಳೂ ಕೊನೆಯಲ್ಲಿ ಎಚ್ಚರಿಸುತ್ತವೆ. ಬರೆದುದು ಉಳಿಯಬೇಕೆಂಬ ಹಂಬಲ ಎಲ್ಲ ನಾಡಿನಲ್ಲಿಯೂ ಒಂದೇ.

ಅವನ ಮನೆಯ ಸುಳಿವೂ ದೊರೆತಿದೆ. ಪಾಂಪೇಯಿಯನ್ನು ವಿದ್ವಾಂಸರು ಒಂಬತ್ತು ವಿಭಾಗಗಳಾಗಿ ವಿಂಗಡಿಸಿದ್ದಾರೆ. ಒಂಬತ್ತನೆಯ ವಿಭಾಗದ ಒಂದು ಗೋಡೆಯ ಮೇಲೆ, ಎಮಿಲಿಯಸ್ ಕೆಲೆರ್ ಇಲ್ಲಿ ವಾಸಿಸುತ್ತಾನೆ ಎಂಬ ಬರಹವಿತ್ತು. ಅಕ್ಷರ ಬರೆಯಿಸಬೇಕೆಂಬ ಗಿರಾಕಿಗಳಿಗೆ ಅದು ದಾರಿ ತೋರಿಸುವ ಫಲಕವಾಗಿದ್ದಿರಬಹುದು. ಊರಿಗೆಲ್ಲ ಹೆಸರು ಬರೆದವನು ತನ್ನ ಮನೆಯ ಗೋಡೆಗೂ ಒಂದು ಸಾಲನ್ನು ಉಳಿಸಿಕೊಂಡಿದ್ದನು.

ಗೋಡೆ ಬರೆಯುವವರ ವಿದ್ಯೆ ಎಷ್ಟು ದೂರ ಪ್ರಭಾವ ಬೀರಿತೆಂಬುದನ್ನು ಜಗತ್ತಿಗೆ ತಿಳಿಸಿದವನೂ ಒಬ್ಬ ಫಲಕ ಬರೆಯುವವನೇ ಎಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ಎಡ್ವರ್ಡ್ ಕ್ಯಾಟಿಚ್ 1906ರಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಅನಾಥನಾದ ಅವನು ಫಲಕ ಬರೆಯುವ ಕಸುಬನ್ನು ಕಲಿತು, ಷಿಕಾಗೋ ನಗರದಲ್ಲಿ ಅದರಿಂದಲೇ ಜೀವನ ಸಾಗಿಸಿದನು. ಮುಂದೆ ಕ್ರೈಸ್ತ ಪಾದ್ರಿಯಾಗಲು ರೋಮ್ ನಗರಕ್ಕೆ ಹೋದಾಗ, ಅಲ್ಲಿಯ ಟ್ರಾಜನ್ ಸ್ತಂಭವನ್ನು ಕಂಡನು. ಕ್ರಿ.ಶ. 113ರಲ್ಲಿ ನಿಲ್ಲಿಸಿದ ಆ ಸ್ತಂಭದ ಬುಡದಲ್ಲಿ ಕೊರೆದಿರುವ ಅಕ್ಷರಗಳು ರೋಮನ್ ಲಿಪಿಯಲ್ಲಿ ಅತ್ಯಂತ ಸುಂದರವಾದವೆಂದು ಹೆಸರಾಗಿವೆ. ಆ ಅಕ್ಷರಗಳ ತುದಿಗಳಲ್ಲಿ ಚಿಕ್ಕ ಅಡ್ಡಗೆರೆಗಳಿವೆ. ಇಂದಿನ ಅಚ್ಚಿನ ಪುಸ್ತಕಗಳ ಇಂಗ್ಲಿಷ್ ಅಕ್ಷರಗಳಲ್ಲಿಯೂ ಅವನ್ನು ಕಾಣಬಹುದು. ಕಲ್ಲುಕುಟಿಗನ ಉಳಿಯಿಂದ ಅವು ಹುಟ್ಟಿದವೆಂದು ಬಹುಜನರು ನಂಬಿದ್ದರು.

ಕ್ಯಾಟಿಚ್‌ನ ಕಣ್ಣಿಗೆ ಬೇರೆಯೇ ಕಂಡಿತು. ಅವನು ಆ ಅಕ್ಷರಗಳ ಅಚ್ಚನ್ನು ತೆಗೆದು, ವರ್ಷಗಟ್ಟಲೆ ಅಭ್ಯಾಸ ಮಾಡಿದನು. ಚಪ್ಪಟೆ ಕುಂಚವನ್ನು ಹಿಡಿದು ಗೆರೆಯನ್ನು ಆರಂಭಿಸುವಾಗಲೂ ಮುಗಿಸುವಾಗಲೂ ಕೈ ತಿರುಗುವ ರೀತಿಯಿಂದಲೇ ಅಂಥ ತುದಿಗಳು ಮೂಡುತ್ತವೆಂಬುದನ್ನು ಅವನು ತನ್ನ ಕಸುಬಿನಿಂದ ಬಲ್ಲವನಾಗಿದ್ದನು. ಮೊದಲು ಬರಹಗಾರನು ಕಲ್ಲಿನ ಮೇಲೆ ಕುಂಚದಿಂದ ಬರೆದನು. ಆಮೇಲೆ ಉಳಿ ಆ ಗೆರೆಯನ್ನು ಅನುಸರಿಸಿತು ಎಂದು ಅವನು 1968ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಅನೇಕ ವಿದ್ವಾಂಸರು ಅದನ್ನು ಒಪ್ಪಿಕೊಂಡರು. ಪುಸ್ತಕವನ್ನು ಮಾತ್ರ ಓದಿದವರಿಗೆ ಹೊಳೆಯದ ಸಂಗತಿ ಏಣಿಯ ಮೇಲೆ ನಿಂತು ದುಡಿದವನಿಗೆ ಹೊಳೆಯಿತು. ಒಬ್ಬ ಬರಹಗಾರನ ಕೈಯನ್ನು ಇನ್ನೊಬ್ಬ ಬರಹಗಾರನ ಕೈ ಗುರುತಿಸಿತು.

ಪಾಂಪೇಯಿಯ ಗೋಡೆಬರಹಗಳ ಕಥೆಯಲ್ಲಿ ಒಂದು ದುಃಖವೂ ಅಡಗಿದೆ. ಬೂದಿಯ ಕೆಳಗೆ ಇರುವವರೆಗೆ ಅವುಗಳಿಗೆ ಅಪಾಯವಿರಲಿಲ್ಲ. ಹೊರಗೆ ತೆಗೆದೊಡನೆ ಬಿಸಿಲು, ಮಳೆ, ಗಾಳಿಗಳಿಗೆ ಅವು ತುತ್ತಾದವು. ಬಣ್ಣ ಮಾಸಿತು, ಗಾರೆ ಉದುರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಆ ಪಾಳುನಗರದ ಮೇಲೆಯೂ ಬಾಂಬುಗಳು ಬಿದ್ದವು. ಲೋಕಕ್ಕೆ ತೋರಿಸುವುದಕ್ಕಾಗಿ ಮಾಡಿದ ಅಗೆತವೇ ಅವುಗಳ ಅಳಿವಿಗೂ ಕಾರಣವಾಯಿತು. ಕೆಲವು ತುಣುಕುಗಳನ್ನು ಗೋಡೆಯಿಂದ ಬಿಡಿಸಿ ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಉಳಿದವುಗಳಲ್ಲಿ ಬಹುಪಾಲು ಇಂದು ಕಾಗದದ ಮೇಲೆ ಮಾತ್ರ ಉಳಿದಿವೆ.

ಕಾಗದದ ಮೇಲಾದರೂ ಉಳಿದುದು ಕೆಲವು ವಿದ್ವಾಂಸರ ತಾಳ್ಮೆಯಿಂದ. ಲ್ಯಾಟಿನ್ ಶಾಸನಗಳನ್ನೆಲ್ಲ ಸಂಗ್ರಹಿಸುವ ಮಹಾಕಾರ್ಯವೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಲಿನ್ ನಗರದಲ್ಲಿ ಆರಂಭವಾಯಿತು. ಅದರ ನಾಲ್ಕನೆಯ ಸಂಪುಟ ಪಾಂಪೇಯಿ ಮತ್ತು ಅದರ ನೆರೆಯ ಊರುಗಳ ಗೋಡೆಬರಹಗಳಿಗೆ ಮೀಸಲಾಯಿತು. ಕಾರ್ಲ್ ಸಾಂಗೆಮೈಸ್ಟರ್ ಎಂಬವರು ಅದನ್ನು 1871ರಲ್ಲಿ ಹೊರತಂದರು. ಔಗುಸ್ಟ್ ಮೌ ಅವರು ಸಿದ್ಧಪಡಿಸಿದ ಪುರವಣಿ 1909ರಲ್ಲಿ ಪ್ರಕಟವಾಯಿತು. ಗೋಡೆಯ ಮುಂದೆ ನಿಂತು, ಮಾಸುತ್ತಿದ್ದ ಅಕ್ಷರಗಳನ್ನು ಒಂದೊಂದಾಗಿ ಅವರು ನಕಲು ಮಾಡಿಕೊಂಡರು. ಚಕ್ರವರ್ತಿಗಳ ಶಾಸನಗಳಿಗೆ ಕೊಟ್ಟ ಗಮನವನ್ನೇ ಗೋಡೆ ಬರೆಯುವವನ ಸಹಿಗೂ ಕೊಟ್ಟರು. ಅವರು ಅದನ್ನು ಕ್ಷುಲ್ಲಕವೆಂದು ಬಿಟ್ಟಿದ್ದರೆ ಕೆಲೆರ್ ಎರಡನೆಯ ಬಾರಿ ಸಾಯುತ್ತಿದ್ದನು.

ಅಕ್ಷರ ಬರೆದವನ ಹೆಸರು ಅಕ್ಷರದೊಡನೆ ಉಳಿದುಬಂದ ಇನ್ನೂ ಪ್ರಾಚೀನವಾದ ನಿದರ್ಶನ ಕರ್ನಾಟಕದಲ್ಲಿಯೇ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವೊಂದಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ, ಇದನ್ನು ಬರೆದವನು ಚಪಡನೆಂಬ ಲಿಪಿಕಾರನು ಎಂದಿದೆ. ಲಿಪಿಕಾರ ಎಂಬ ಪದವನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಭರತಖಂಡದ ವಾಯವ್ಯ ದಿಕ್ಕಿನಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಬರೆಯುವ ಆ ಲಿಪಿ ಈ ದಕ್ಷಿಣದ ಬಂಡೆಯ ಮೇಲೆ ಕಾಣಿಸಿಕೊಂಡುದು ಒಂದು ವಿಸ್ಮಯ. ಮಾತು ಚಕ್ರವರ್ತಿಯದಾದರೂ ಕೈ ತನ್ನದೆಂದು ಚಪಡನು ಗುರುತು ಬಿಟ್ಟುಹೋದನು. ಕೆಲೆರ್‌ನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನವನಾದ ಅವನು ಕೆಲೆರ್‌ನ ಕುಲಬಾಂಧವನೇ ಸರಿ.

ಆ ಕುಲ ನಮ್ಮ ಊರುಗಳಲ್ಲಿಯೂ ಬಾಳಿತು. ಪೇಟೆಬೀದಿಯ ಅಂಗಡಿಗಳಿಗೆ, ಶಾಲೆಯ ಹೆಬ್ಬಾಗಿಲಿಗೆ, ಲಾರಿಗಳ ಹಲಗೆಗೆ, ನಾಟಕದ ಪರದೆಗೆ ಅಕ್ಷರ ಬರೆದುಕೊಟ್ಟ ಬೋರ್ಡು ಬರೆಯುವವರು ಪ್ರತಿಯೊಂದು ಊರಿನಲ್ಲಿಯೂ ಇದ್ದರು. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎಳೆದು ಗೆರೆ ಹೊಡೆದು, ಒತ್ತಕ್ಷರಕ್ಕೆ ಕೆಳಗೆಷ್ಟು ಜಾಗ, ಕೊಂಬಿಗೆ ಪಕ್ಕದಲ್ಲೆಷ್ಟು ಜಾಗ ಎಂಬುದನ್ನು ಕಣ್ಣಳತೆಯಲ್ಲಿಯೇ ನಿರ್ಧರಿಸಿ, ಕನ್ನಡದ ದುಂಡಕ್ಷರಗಳನ್ನು ಅವರು ಮೂಡಿಸುತ್ತಿದ್ದರು. ಶಾಲೆಗೆ ಹೋಗದ ಮಗುವೂ ಬೀದಿಯ ಫಲಕಗಳನ್ನು ನೋಡಿ ಅಕ್ಷರ ಗುರುತಿಸಲು ಕಲಿಯುವುದುಂಟು. ಯಂತ್ರದಲ್ಲಿ ಅಚ್ಚಾಗುವ ಫ್ಲೆಕ್ಸ್ ಹಾಳೆಗಳು ಬಂದ ಮೇಲೆ ಅವರಲ್ಲಿ ಅನೇಕರ ಕೈಗೆ ಕೆಲಸ ತಪ್ಪಿತು. ಹಳೆಯ ಫಲಕಗಳು ಬಿಸಿಲಿಗೆ ಮಾಸುತ್ತಿವೆ. ಗೋಡೆ ಕೆಡವಿದಾಗ ಗೋಡೆಯೊಡನೆಯೇ ಮಣ್ಣಾಗುತ್ತಿವೆ. ಅವುಗಳನ್ನು ಕಾಪಾಡಲು ಇಲ್ಲಿ ಯಾವ ಜ್ವಾಲಾಮುಖಿಯ ಬೂದಿಯೂ ಸುರಿಯಲಾರದು.

ಆ ಫಲಕಗಳ ಕೆಳಗಿನ ಮೂಲೆಯನ್ನು ದಿಟ್ಟಿಸಿ ನೋಡಿದರೆ, ಅನೇಕ ಕಡೆ ಚಿಕ್ಕ ಅಕ್ಷರಗಳಲ್ಲಿ ಒಂದು ಹೆಸರು ಕಾಣುತ್ತದೆ. ಅಂಗಡಿಯ ಯಜಮಾನನ ಹೆಸರು ಮೊಳದುದ್ದ. ಬರೆದವನ ಹೆಸರು ಬೆರಳುದ್ದ. ಪಾಂಪೇಯಿಯ ಗೋಡೆಯ ಮೇಲೆಯೂ ಹೀಗೆಯೇ ಇತ್ತು. ಶ್ರೀಮಂತ ವಾಲೆನ್ಸನು ಏರ್ಪಡಿಸಿದ ಮೂವತ್ತು ಜೋಡಿಗಳ ಹೋರಾಟ ಐದು ದಿನದಲ್ಲಿ ಮುಗಿದುಹೋಯಿತು; ಗೆದ್ದವರು ಯಾರೆಂಬುದನ್ನು ಇಂದು ಕೇಳುವವರಿಲ್ಲ. ಹೊಟ್ಟೆಪಾಡಿಗಾಗಿ ಅದನ್ನು ಸಾರಿ ಬರೆದವನನ್ನು ಮಾತ್ರ ಲೋಕ ಪ್ರೀತಿಯಿಂದ ನೆನೆಯುತ್ತದೆ. ಅವನು ಕೇಳಿಕೊಂಡದ್ದು ಹೆಚ್ಚೇನೂ ಅಲ್ಲ. ಇದನ್ನು ಬರೆದವನು ನಾನು, ದಯವಿಟ್ಟು ಅಳಿಸಬೇಡಿರಿ ಎಂದಷ್ಟೇ ಅದರ ತಾತ್ಪರ್ಯ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ಪಾಂಪೇಯಿ ಪಟ್ಟಣವು ಯಾವ ವರ್ಷದಲ್ಲಿ ನೆಲದೊಳಗೆ ಹುದುಗಿಹೋಯಿತು?
2. ಕೆಲೆರ್ ಎಂಬ ಪದದ ಅರ್ಥವೇನು?
3. ಬ್ರಹ್ಮಗಿರಿಯ ಶಾಸನವನ್ನು ಬರೆದ ಲಿಪಿಕಾರನು ಯಾರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಪಾಂಪೇಯಿಯಲ್ಲಿ ಗೋಡೆ ಬರೆಯುವ ಕೆಲಸ ಹೇಗೆ ನಡೆಯುತ್ತಿತ್ತು?
2. ಕೆಲೆರ್ ಬೆಳುದಿಂಗಳಲ್ಲಿ ಬರೆದ ಪ್ರಕಟಣೆಯ ಕಾಲವನ್ನು ವಿದ್ವಾಂಸರು ಹೇಗೆ ನಿರ್ಧರಿಸಿದರು?
3. ಟ್ರಾಜನ್ ಸ್ತಂಭದ ಅಕ್ಷರಗಳನ್ನು ಕುರಿತು ಕ್ಯಾಟಿಚ್ ಕಂಡುಕೊಂಡದ್ದೇನು? ಅವನಿಗೆ ಅದು ಹೊಳೆಯಲು ಕಾರಣವೇನು?

ಇ. ಸಂದರ್ಭವನ್ನು ತಿಳಿಸಿ, ಸ್ವಾರಸ್ಯವನ್ನು ವಿವರಿಸಿ.
1. "ಒಬ್ಬ ಬರಹಗಾರನ ಕೈಯನ್ನು ಇನ್ನೊಬ್ಬ ಬರಹಗಾರನ ಕೈ ಗುರುತಿಸಿತು."
2. "ಕೆಲೆರ್ ಎರಡನೆಯ ಬಾರಿ ಸಾಯುತ್ತಿದ್ದನು."

ಈ. ಭಾಷಾಭ್ಯಾಸ
1. ವಿಗ್ರಹಿಸಿ, ಸಮಾಸವನ್ನು ಹೆಸರಿಸಿ: ಹೆಬ್ಬಾಗಿಲು, ಶಿಲಾಶಾಸನ, ಗೋಡೆಬರಹ.
2. ಸ್ವಂತ ವಾಕ್ಯಗಳಲ್ಲಿ ಪ್ರಯೋಗಿಸಿ: ನಗೆಪಾಟಲು ಮಾಡು, ಬೆಳಕಿಗೆ ತರು, ತುತ್ತಾಗು.

ಉ. ನಿಮ್ಮ ಊರಿನಲ್ಲಿ ಕೈಯಿಂದ ಬರೆದ ಹಳೆಯ ಫಲಕಗಳನ್ನು ಹುಡುಕಿರಿ. ಅವುಗಳಲ್ಲಿ ಒಂದರ ಅಕ್ಷರಗಳನ್ನು ಇದ್ದಂತೆಯೇ ನಕಲು ಮಾಡಿರಿ. ಬರೆದವರು ಬದುಕಿದ್ದರೆ ಅವರನ್ನು ಕಂಡು, ಅವರು ಕಸುಬನ್ನು ಕಲಿತ ಬಗೆಯನ್ನು ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.